ವಿದ್ಯಾರ್ಥಿವೇತನ ಬಂತು, ಫೀಸು ತುಂಬಿತೇ?

ಮಾರಿಕುಪ್ಪಂನಲ್ಲಿ ರೈಲು ಕಂಬಿ ಮುಗಿಯುತ್ತದೆ. ಬಂಗಾರಪೇಟೆಯಲ್ಲಿ ದೊಡ್ಡ ದಾರಿ ಬಿಟ್ಟು ಪಕ್ಕಕ್ಕೆ ಹೊರಳಿದ ಗಾಡಿ, ಕೋರಮಂಡಲ್, ಉರಿಗಾಂ, ಚಾಂಪಿಯನ್ ಎಂದು ಚಿನ್ನದ ಗಣಿಗಳ ಹೆಸರು ಹೊತ್ತ ನಿಲ್ದಾಣಗಳನ್ನು ದಾಟಿ, ಸೈನೈಡ್ ದಿಬ್ಬಗಳನ್ನು ನೋಡುತ್ತಾ ಬಂದು ಇಲ್ಲಿ ನಿಂತುಬಿಡುತ್ತದೆ. ಬೆಳಗಿನ ಜಾವ ಬೆಂಗಳೂರಿನ ಗಾಡಿ ಇಲ್ಲಿಂದಲೇ ಹೊರಡುವುದರಿಂದ ಊರಿನವರಿಗೆಲ್ಲ ಕೂರಲು ಜಾಗ ಸಿಗುತ್ತದೆ. “ಮಾರಿಕುಪ್ಪಂನವರಿಗೆ ದೇವರು ಕೊಟ್ಟ ಒಂದೇ ಸವಲತ್ತು ಕಿಟಕಿ ಸೀಟು” ಎಂದು ಬಂಗಾರಪೇಟೆಯಲ್ಲಿ ಹತ್ತಿ ನಿಂತೇ ಹೋಗುವ ನಾವು ಹೊಟ್ಟೆಕಿಚ್ಚಿನಿಂದ ಹೇಳುವುದುಂಟು.

ಆ ಕಿಟಕಿ ಸೀಟಿನಲ್ಲಿ ಮೂರು ವರ್ಷದಿಂದ ಕೂತು ಕಾಲೇಜಿಗೆ ಹೋಗುತ್ತಿರುವ ಒಬ್ಬ ಹುಡುಗಿಯ ತಾಯಿ ನನಗೆ ರವಿಕೆ ಹೊಲಿದುಕೊಡುವಾಕೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಮಾವ ಗಣಿಯಲ್ಲಿದ್ದವರು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದಾಗ ಕೆಲಸ ಹೋಯಿತು. ಗಂಡ ಈಗ ಬೆಂಗಳೂರಿನ ಒಂದು ಕಂಪೆನಿಯ ಗೇಟಿನಲ್ಲಿ ಕಾವಲು. ಅವರೂ ಅದೇ ರೈಲಿನವರೇ. ಮನೆ ಲೈನ್ ಮನೆ. ಎರಡು ಹೆಣ್ಣುಮಕ್ಕಳು.

ದೊಡ್ಡವಳು 2023ರಲ್ಲಿ ಸರ್ಕಾರಿ ಪಿಯು ಕಾಲೇಜಿನಿಂದ ವಿಜ್ಞಾನದಲ್ಲಿ ಶೇಕಡಾ 91 ತೆಗೆದಳು. ಲೈನಿಗೆಲ್ಲ ಸಿಹಿ ಹಂಚಿದ್ದಾಯಿತು. ಸಿಹಿ ತಿಂದವರೆಲ್ಲ ಹೇಳಿದ ಮಾತು ಒಂದೇ: “ಇಷ್ಟು ಮಾರ್ಕ್ಸ್ ಬಂದಿದೆ, ನಿಮಗೇನಮ್ಮ, ಎಲ್ಲಾ ಸ್ಕಾಲರ್‌ಶಿಪ್‌ನಲ್ಲೇ ಆಗೋಗತ್ತೆ!”

ಆಗಲಿಲ್ಲ. ಆ ವರ್ಷ ಆಕೆಯ ಕಿವಿಯ ಓಲೆಯೂ ಕುತ್ತಿಗೆಯ ಸರವೂ ಗಿರವಿ ಅಂಗಡಿಗೆ ಹೋದವು. ಚಿನ್ನ ತೆಗೆದ ಊರಿನ ಸೊಸೆ, ಮನೆಯಲ್ಲಿದ್ದ ಚಿನ್ನವೆಲ್ಲ ಅಷ್ಟೇ.

ಸೋದರಿಯರೇ, ಹಣ ಇರಲಿಲ್ಲವೆಂದಲ್ಲ. ಅದು ನಾಲ್ಕು ಕಡೆ ಇತ್ತು. ಅದನ್ನು ಕೂಡಿಸುವ ಬಗೆ ಆಕೆಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಕಲಿತದ್ದು ಏಟು ತಿಂದ ಮೇಲೆ. ಈ ವರ್ಷ ಮಗನನ್ನೋ ಮಗಳನ್ನೋ ಕಾಲೇಜಿಗೆ ಸೇರಿಸುವವರಿಗೆ ಆ ಏಟು ತಪ್ಪಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಹಳೆಯ ಕ್ಯಾಲೆಂಡರಿನ ಹಿಂಭಾಗದಲ್ಲಿ

ಹುಡುಗಿಗೆ ಎರಡು ದಾರಿ ಇದ್ದವು. ಒಂದು, ಉರಿಗಾಂನಲ್ಲಿರುವ ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ಮನೆಯ ಹತ್ತಿರ, ಫೀಸು ಕಡಿಮೆ. ಇನ್ನೊಂದು, ಬೆಂಗಳೂರಿನ ಒಂದು ಖಾಸಗಿ ಕಾಲೇಜು. ಅಲ್ಲಿ ಬಿ.ಎಸ್ಸಿ.ಗೆ ವರ್ಷಕ್ಕೆ 36,000 ರೂಪಾಯಿ. ಅಂಕ ನೋಡಿ 10,000 ರೂಪಾಯಿ ಸಹಾಯ ಕೊಡುತ್ತೇವೆ ಎಂದರು. ನಿಜ ಹೇಳಬೇಕೆಂದರೆ ನಾನು ಉರಿಗಾಂ ಸಾಕು ಎಂದೆ. ಮಗಳ ಮನಸ್ಸು ಬೆಂಗಳೂರಿನ ಪ್ರಯೋಗಾಲಯದ ಮೇಲೆ. ತಾಯಿ ಮಗಳ ಕಡೆ ನಿಂತರು.

ಇವರದು ಪರಿಶಿಷ್ಟ ಜಾತಿಯ ಕುಟುಂಬ, ವರ್ಷದ ಆದಾಯ ಎರಡೂವರೆ ಲಕ್ಷದೊಳಗೆ. ಹಾಗಾಗಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಅರ್ಹತೆ ಇತ್ತು. ಇದು ನಿನ್ನೆ ಮೊನ್ನೆಯದಲ್ಲ, 1944ರಿಂದ ನಡೆದು ಬಂದಿರುವ ಯೋಜನೆ. ಇದರಲ್ಲಿ ಎರಡು ಭಾಗ. ಒಂದು, ಹಿಂದಿರುಗಿ ಬಾರದ ಕಡ್ಡಾಯ ಶುಲ್ಕ. ಎರಡನೆಯದು ಓದಿನ ಖರ್ಚಿಗೆಂದು ಕೊಡುವ ಭತ್ಯೆ. ಸಾಮಾನ್ಯ ಪದವಿ ಓದುವವರಿಗೆ ಮನೆಯಿಂದ ಹೋಗಿ ಬಂದರೆ ವರ್ಷಕ್ಕೆ 3,000, ಹಾಸ್ಟೆಲಿನಲ್ಲಿದ್ದರೆ 6,000 ರೂಪಾಯಿ. ಎಂಜಿನಿಯರಿಂಗ್, ವೈದ್ಯಕೀಯದಂಥ ವೃತ್ತಿ ಪದವಿಗಳಿಗೆ ಕ್ರಮವಾಗಿ 7,000 ಮತ್ತು 13,500.

ನಾವು ಎಡವಿದ್ದು ಮೊದಲನೆಯ ಭಾಗದಲ್ಲಿ. “ಫೀಸೆಲ್ಲ ವಾಪಸ್ ಬರುತ್ತೆ” ಎಂದು ಯಾರೋ ಹೇಳಿದರು, ನಂಬಿದೆವು. ಖಾಸಗಿ ಕಾಲೇಜು 36,000 ಕೇಳಿದರೂ ಸರ್ಕಾರ ಲೆಕ್ಕಕ್ಕೆ ತೆಗೆದುಕೊಳ್ಳುವುದು ತಾನು ಒಪ್ಪಿದ ಶುಲ್ಕವನ್ನು ಮಾತ್ರ. ಈ ಹುಡುಗಿಯ ವಿಷಯದಲ್ಲಿ ಅದು 11,000. ಭತ್ಯೆ ಸೇರಿ 14,000 ಆಯಿತು. ಕಾಲೇಜಿನ 10,000 ಕೂಡಿಸಿದರೆ 24,000. ಇನ್ನೂ 12,000 ಎಲ್ಲಿಂದ?

ಹೊಲಿಗೆ ಯಂತ್ರದ ಮೇಲೆ ಹಳೆಯ ಕ್ಯಾಲೆಂಡರಿನ ಹಾಳೆ ತಿರುವಿ ಹಾಕಿ ಇದನ್ನೆಲ್ಲ ಬರೆದು ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕಾಲೇಜಿಗೆ ಸೇರಿಸುವ ಮೊದಲು ಮಾಡಬೇಕಾಗಿದ್ದ ಲೆಕ್ಕವನ್ನು ಸೇರಿಸಿ ಎರಡು ತಿಂಗಳಾದ ಮೇಲೆ ಮಾಡಿದ್ದೆವು!

ಆ ಹನ್ನೆರಡು ಸಾವಿರಕ್ಕೆ ದಾರಿ ತೋರಿಸಿದವರು ಹುಡುಗಿಯ ಹಳೆಯ ಪಿಯು ಕಾಲೇಜಿನ ಗುಮಾಸ್ತರು. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳು ಮೊದಲ ಸಲಕ್ಕೇ ಪ್ರಥಮ ದರ್ಜೆಯಲ್ಲಿ ದ್ವಿತೀಯ ಪಿಯುಸಿ ಪಾಸಾದರೆ ರಾಜ್ಯ ಸರ್ಕಾರದ ಪ್ರೋತ್ಸಾಹಧನ 20,000 ರೂಪಾಯಿ. ಇದು ಬಹುಮಾನ. ವಿದ್ಯಾರ್ಥಿವೇತನದ ಅರ್ಜಿ ಹಾಕಿದರೆ ತಾನಾಗಿ ಬರುವುದಲ್ಲ, ಬೇರೆ ಅರ್ಜಿ ಹಾಕಬೇಕು. “ಎಷ್ಟು ಜನ ಹಾಕೋದೇ ಇಲ್ಲಮ್ಮಾ, ಗೊತ್ತೇ ಇರಲ್ಲ” ಎಂದರಂತೆ. ಹಾಕಿದರು. ಮೊದಲ ವರ್ಷದ ಹಳ್ಳ ಮುಚ್ಚಿ, ಪುಸ್ತಕಕ್ಕೂ ಬಟ್ಟೆಗೂ ಎಂಟು ಸಾವಿರ ಉಳಿಯಬೇಕು. ಕಾಗದದ ಮೇಲೆ.

ಎರಡು ವೇತನ ಒಂದೇ ಮಗುವಿಗೆ?

ಅಷ್ಟರಲ್ಲಿ ಇನ್ನೊಂದು ತೊಡಕು. ಕಾಲೇಜಿನವರು ಕೊಟ್ಟ ಪತ್ರದಲ್ಲಿ ಆ ಹತ್ತು ಸಾವಿರವನ್ನು ‘ಮೆರಿಟ್ ಸ್ಕಾಲರ್‌ಶಿಪ್’ ಎಂದು ಬರೆದಿದ್ದರು. ಸರ್ಕಾರದ ಅರ್ಜಿ ತುಂಬುವಾಗ ಕಾಲೇಜು ಕಚೇರಿಯಲ್ಲೇ ಒಬ್ಬರು, “ಎರಡು ಸ್ಕಾಲರ್‌ಶಿಪ್ ತಗೊಳ್ಳೋ ಹಾಗಿಲ್ಲ, ಯಾವುದಾದರೂ ಒಂದು ಇಟ್ಕೊಳ್ಳಿ” ಎಂದುಬಿಟ್ಟರು. ಹುಡುಗಿ ಅಳುತ್ತಾ ಮನೆಗೆ ಬಂದಳು.

ಅವರು ಹೇಳಿದ್ದರಲ್ಲಿ ಅರ್ಧ ಸತ್ಯವಿತ್ತು. ಮೆಟ್ರಿಕ್ ನಂತರದ ವೇತನ ಪಡೆಯುವವರು ಬೇರೆ ವಿದ್ಯಾರ್ಥಿವೇತನವನ್ನು ಜೊತೆಗೆ ಇಟ್ಟುಕೊಳ್ಳುವಂತಿಲ್ಲ. ಎರಡು ಸಿಕ್ಕರೆ ಯಾವುದು ಹೆಚ್ಚು ಲಾಭವೋ ಅದನ್ನು ಆರಿಸಿಕೊಳ್ಳಬಹುದು. ಆದರೆ ಅದೇ ನಿಯಮ ಮುಂದುವರಿದು, ಪುಸ್ತಕ, ಉಪಕರಣ, ಊಟ, ವಸತಿ ಇವುಗಳ ಖರ್ಚಿಗೆ ರಾಜ್ಯ ಸರ್ಕಾರದಿಂದಾಗಲಿ ಬೇರೆ ಯಾರಿಂದಾಗಲಿ ಸಹಾಯಧನ ಪಡೆಯಲು ಅಡ್ಡಿಯಿಲ್ಲ ಎನ್ನುತ್ತದೆ. ಈ ಎರಡನೆಯ ಸಾಲನ್ನು ಯಾರೂ ನಮಗೆ ಓದಿ ಹೇಳುವುದಿಲ್ಲ.

ಅಂದರೆ ‘ವೇತನ’ ಬೇರೆ, ‘ಸಹಾಯ’ ಬೇರೆ, ‘ರಿಯಾಯಿತಿ’ ಬೇರೆ. ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ, ಸಕ್ಕರೆ ಡಬ್ಬಿ ಬೇರೆ ಇಡುವಷ್ಟೇ ಎಚ್ಚರದಿಂದ ಇವನ್ನು ಬೇರೆ ಇಡಬೇಕು. ತಾಯಿ ಒಂದು ದಿನದ ಹೊಲಿಗೆ ಬಿಟ್ಟು ಬೆಂಗಳೂರಿಗೆ ಹೋಗಿ ಪ್ರಾಂಶುಪಾಲರನ್ನು ಕಂಡರು. ಕಾಲೇಜು ಆ ಹಣವನ್ನು ಕೈಗೆ ಕೊಡುತ್ತಿರಲಿಲ್ಲ, ಆಡಳಿತ ಮಂಡಳಿಯ ಶುಲ್ಕದಲ್ಲೇ ಕಳೆಯುತ್ತಿತ್ತು. ಹಾಗಾದರೆ ಅದು ಶುಲ್ಕ ರಿಯಾಯಿತಿಯೇ ತಾನೆ? ಪತ್ರವನ್ನು ಹಾಗೆಯೇ ಬರೆದುಕೊಟ್ಟರು. ರಸೀತಿಯಲ್ಲಿ ಫೀಸು 26,000 ಎಂದಾಯಿತು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಕಾಲೇಜು ಬಿಟ್ಟುಕೊಟ್ಟ ಶುಲ್ಕವನ್ನೇ ಸರ್ಕಾರದಿಂದಲೂ ಕೇಳಬಾರದು. ಈ ಹುಡುಗಿಗೆ ರಿಯಾಯಿತಿ ಸಿಕ್ಕಿದ್ದು ಆಡಳಿತ ಮಂಡಳಿಯ ಭಾಗದಲ್ಲಿ, ಸರ್ಕಾರ ಕೊಟ್ಟದ್ದು ಒಪ್ಪಿತ ಶುಲ್ಕಕ್ಕೆ. ಒಂದೇ ರೂಪಾಯಿಗೆ ಎರಡು ಕಡೆ ಕೈಚಾಚಿದರೆ ನಾಳೆ ಕೊಟ್ಟದ್ದನ್ನೂ ವಾಪಸು ಕೇಳುತ್ತಾರೆ. (ಈ ತಕರಾರು ನಮ್ಮಲ್ಲಿ ಮಾತ್ರ ಎಂದುಕೊಂಡಿದ್ದೆ. ಅಮೆರಿಕದಲ್ಲಿಯೂ ಮಕ್ಕಳು ಹೊರಗಿನಿಂದ ವೇತನ ತಂದರೆ ಕಾಲೇಜು ತನ್ನ ಸಹಾಯವನ್ನು ಅಷ್ಟಕ್ಕಷ್ಟೇ ಕಡಿತ ಮಾಡುವುದುಂಟಂತೆ. ಮೇರಿಲ್ಯಾಂಡ್ ಎಂಬ ರಾಜ್ಯದಲ್ಲಿ ಸರ್ಕಾರಿ ಕಾಲೇಜುಗಳು ಹಾಗೆ ಮಾಡದಂತೆ 2017ರಲ್ಲಿ ಕಾನೂನನ್ನೇ ತಂದರು.)

ಆರಿಸಿಕೊಳ್ಳುವ ಲೆಕ್ಕವೂ ಎಲ್ಲರಿಗೂ ಒಂದೇ ಅಲ್ಲ. ಪಿಯುಸಿಯಲ್ಲಿ ತಮ್ಮ ವಿಭಾಗದ ಮೇಲಿನ ಸಾಲಿನಲ್ಲಿರುವ ಮಕ್ಕಳಿಗೆ, ಎಂದರೆ ಪರೀಕ್ಷೆ ಬರೆದ ನೂರರಲ್ಲಿ ಮೊದಲ ಇಪ್ಪತ್ತರೊಳಗೆ ಬರುವವರಿಗೆ, ಕೇಂದ್ರ ಸರ್ಕಾರದ ಒಂದು ಮೆರಿಟ್ ವೇತನವಿದೆ. ಜಾತಿಯ ನಿರ್ಬಂಧವಿಲ್ಲ, ಕುಟುಂಬದ ಆದಾಯ ನಾಲ್ಕೂವರೆ ಲಕ್ಷದೊಳಗಿರಬೇಕು. ಪದವಿಗೆ ವರ್ಷಕ್ಕೆ 12,000 ರೂಪಾಯಿ. ಅರ್ಧದಷ್ಟು ಹೆಣ್ಣುಮಕ್ಕಳಿಗೇ ಮೀಸಲು. ಆದರೆ ಇದರ ಜೊತೆ ಇನ್ನೊಂದು ವೇತನ ಇಟ್ಟುಕೊಳ್ಳುವಂತಿಲ್ಲ. ಬೆಂಗಳೂರಿನ ಕಾಲೇಜಿಗೆ ಸೇರಿದ ನಮ್ಮ ಹುಡುಗಿಗೆ 14,000 ಕೊಡುವ ಮೆಟ್ರಿಕ್ ನಂತರದ ವೇತನವೇ ಮೇಲು. ಅದೇ ಹುಡುಗಿ ಉರಿಗಾಂ ಸರ್ಕಾರಿ ಕಾಲೇಜಿಗೆ ಸೇರಿದ್ದರೆ, ತುಂಬುವ ಫೀಸೇ ಕಡಿಮೆಯಾದ್ದರಿಂದ, ಆ 12,000 ಸಿಕ್ಕಿದ್ದರೆ ಅದೇ ಮೇಲಾಗುತ್ತಿತ್ತು. ಮಗು ಒಂದೇ, ಅಂಕ ಅದೇ, ಕಾಲೇಜು ಬದಲಾದರೆ ಲೆಕ್ಕವೂ ಬದಲು. ಮೊತ್ತ ದೊಡ್ಡದು ಎಂದು ಹಾರಿ ಹಿಡಿಯುವ ಮುನ್ನ ಅದರ ಪಕ್ಕದಲ್ಲಿ ಬಿಟ್ಟುಕೊಡುವುದೇನು ಎಂದು ಬರೆದು ನೋಡಿ.

ಹಣ ಬಂದ ದಿನ

ಆಕೆಯ ಮನೆಯಲ್ಲಿ ಜಗಳವಾದದ್ದು ಹಣ ಬಾರದ ದಿನವಲ್ಲ, ಬಂದ ದಿನ.

ಕಾಲೇಜು ಜುಲೈನಲ್ಲಿ ಫೀಸು ಕೇಳುತ್ತದೆ. ಸರ್ಕಾರದ ಹಣ ಬರುವುದು ತಿಂಗಳುಗಟ್ಟಲೆ ಆದ ಮೇಲೆ. ಅದಕ್ಕೇ ಓಲೆ, ಸರ ಇಟ್ಟು 18,000 ಕಟ್ಟಿದ್ದರು. ಫೆಬ್ರವರಿಯಲ್ಲಿ ಒಂದು ದಿನ ಮಗಳ ಖಾತೆಗೆ 8,400 ರೂಪಾಯಿ ಬಂತೆಂದು ಮೊಬೈಲಿಗೆ ಸಂದೇಶ. ಬಹುಮಾನದ ಹಣ ಕಂತಿನಲ್ಲಿ ಬರುತ್ತಿದೆ ಎಂದುಕೊಂಡು ಆಕೆ ಆ ವಾರವೇ ಓಲೆ ಬಿಡಿಸಿಕೊಂಡರು. “ಬೋಳು ಕಿವೀಲಿ ತವರುಮನೆ ಮದುವೆಗೆ ಹೆಂಗಕ್ಕಾ ಹೋಗ್ಲಿ?” ಎಂದು ನನ್ನನ್ನೇ ಕೇಳಿದ್ದರು. ನಾನೂ ಬಿಡಿಸಿಕೊಳ್ಳಿ ಎಂದೆ.

ಅದು ಬಹುಮಾನವಾಗಿರಲಿಲ್ಲ. ಮೆಟ್ರಿಕ್ ನಂತರದ ವೇತನದಲ್ಲಿ ನೂರಕ್ಕೆ ಅರವತ್ತು ಕೇಂದ್ರದ್ದು, ನಲವತ್ತು ರಾಜ್ಯದ್ದು. ಎರಡೂ ಒಂದೇ ದಿನ ಬರುವುದಿಲ್ಲ. ಹದಿನಾಲ್ಕು ಸಾವಿರದಲ್ಲಿ ಕೇಂದ್ರದ ಪಾಲು 8,400 ನೇರವಾಗಿ ವಿದ್ಯಾರ್ಥಿಯ ಖಾತೆಗೇ ಬಂದಿತ್ತು. ಅದರಲ್ಲಿ ಫೀಸಿನ ಭಾಗವೂ ಇದೆ. ಅದನ್ನು ನಾವೇ ಕಾಲೇಜಿಗೆ ಕಟ್ಟಬೇಕು. ಹತ್ತು ದಿನಕ್ಕೆ ಕಾಲೇಜಿನಿಂದ ಸೂಚನೆ: ಬಾಕಿ 8,000 ಕಟ್ಟದಿದ್ದರೆ ಹಾಲ್ ಟಿಕೆಟ್ ಇಲ್ಲ.

ಗಂಡ ಕೂಗಾಡಿದರು. ಓದು ಸಾಕು, ನನ್ನ ಜೊತೆ ರೈಲು ಹತ್ತಿ ಗಾರ್ಮೆಂಟ್ಸಿಗೆ ಬರಲಿ ಎಂದರು. ಎರಡು ದಿನ ಆ ಹುಡುಗಿ ಕಾಲೇಜಿಗೆ ಹೋಗಲಿಲ್ಲ. ಮೂರನೆಯ ದಿನ ತಾಯಿ ಬ್ಯಾಂಕಿನ ಪಾಸ್‌ಬುಕ್ಕು, ಅರ್ಜಿಯ ಸ್ವೀಕೃತಿ ಪತ್ರ, ಪ್ರೋತ್ಸಾಹಧನದ ಅರ್ಜಿಯ ನಕಲು ಎಲ್ಲವನ್ನೂ ಕೈಚೀಲದಲ್ಲಿಟ್ಟುಕೊಂಡು ಹೋಗಿ, ಬರಬೇಕಾದ ಹಣ ಇಷ್ಟಿದೆ, ಮೇ ಒಳಗೆ ಕಟ್ಟುತ್ತೇನೆ ಎಂದು ಬರೆದುಕೊಟ್ಟರು. ಕಾಗದ ನೋಡಿದ ಮೇಲೆ ಹಾಲ್ ಟಿಕೆಟ್ ಕೊಟ್ಟರು. ಬರೀ ಬಾಯಿಮಾತಿನಲ್ಲಿ ಬೇಡಿಕೊಂಡಿದ್ದರೆ ಕೊಡುತ್ತಿದ್ದರೋ ಇಲ್ಲವೋ, ಹೇಳಲಾರೆ. ಮೇ ತಿಂಗಳಲ್ಲಿ ರಾಜ್ಯದ ಪಾಲು 5,600 ಬಂತು, ಹಿಂದೆಯೇ ಆ ಇಪ್ಪತ್ತು ಸಾವಿರವೂ ಬಂತು.

ಅದಾದ ಮೇಲೆ ತಿಳಿದದ್ದು: ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮುಂಗಡ ಫೀಸು ಕಟ್ಟದೆಯೇ ಪ್ರವೇಶ ಸಿಗಲೆಂದು ಕೇಂದ್ರದ ನಿಯಮಾವಳಿಯಲ್ಲಿ ‘ಫ್ರೀಶಿಪ್ ಕಾರ್ಡ್’ ಎಂಬುದರ ಮಾತಿದೆ. ಸೇರುವ ದಿನವೇ ಸಮಾಜ ಕಲ್ಯಾಣ ಇಲಾಖೆಯ ಕಚೇರಿಯಲ್ಲೂ ಕಾಲೇಜಿನಲ್ಲೂ ಇದನ್ನು ಕೇಳಿ. ಅದು ಆಗದಿದ್ದರೆ ಕಂತಿನಲ್ಲಿ ಕಟ್ಟುವ ಅವಕಾಶವನ್ನು ಲಿಖಿತವಾಗಿ ಕೇಳಿ. ನಾಚಿಕೆ ಬೇಡ. ಸೀರೆ ಅಂಗಡಿಯಲ್ಲಿ ಐವತ್ತು ರೂಪಾಯಿಗೆ ಅರ್ಧ ಗಂಟೆ ಚೌಕಾಸಿ ಮಾಡುವ ನಾವು, ಕಾಲೇಜಿನ ಕಿಟಕಿಯ ಮುಂದೆ ಯಾಕೆ ಮೂಕರಾಗುತ್ತೇವೋ!

ಹೆಸರಿನ ಮುಂದಿನ ಒಂದಕ್ಷರ

ರಾಜ್ಯದ ವೇತನಗಳಿಗೆಲ್ಲ ಈಗ ಎಸ್‌ಎಸ್‌ಪಿ ಎಂಬ ಒಂದೇ ಅಂತರ್ಜಾಲ ತಾಣ. ಕೇಂದ್ರದ ಮೆರಿಟ್ ವೇತನಕ್ಕೆ ಎನ್‌ಎಸ್‌ಪಿ ಎಂಬುದು ಬೇರೆ. ಸೈಬರ್ ಅಂಗಡಿಯವರು ಒಂದರಲ್ಲಿ ಹಾಕಿ ಎರಡೂ ಆಯಿತು ಎನ್ನುವುದುಂಟು, ಕೇಳಿ ಖಚಿತ ಮಾಡಿಕೊಳ್ಳಿ. ನಾಡಕಚೇರಿಯಿಂದ ತಂದ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲೆ ‘ಆರ್‌ಡಿ’ ಎಂದು ಶುರುವಾಗುವ ಸಂಖ್ಯೆ ಇರುತ್ತದೆ. ಅರ್ಜಿಯಲ್ಲಿ ಅದನ್ನೇ ಕೇಳುತ್ತಾರೆ. ಹಣ ಬರುವುದು ಆಧಾರ್ ಜೋಡಣೆಯಾದ ಖಾತೆಗೆ. ಎರಡು ಬ್ಯಾಂಕಿನಲ್ಲಿ ಖಾತೆಯಿದ್ದರೆ ಕೊನೆಯದಾಗಿ ಯಾವುದಕ್ಕೆ ಜೋಡಿಸಿದ್ದೀರೋ ಅಲ್ಲಿಗೇ ಹೋಗುತ್ತದೆ. ಹಣ ಬರಲೇ ಇಲ್ಲ ಎಂದು ಅಲೆಯುವ ಎಷ್ಟೋ ಮಂದಿಯ ಹಣ ತಾವು ಮರೆತ ಖಾತೆಯಲ್ಲಿ ಬೆಚ್ಚಗೆ ಕೂತಿರುತ್ತದೆ.

ನಮ್ಮ ಗಣಿ ಊರುಗಳದ್ದೇ ಆದ ಒಂದು ತಾಪತ್ರಯವೂ ಇದೆ. ಇಲ್ಲಿ ತಮಿಳು, ತೆಲುಗು ಮನೆಗಳೇ ಹೆಚ್ಚು. ಹೆಸರಿನ ಮುಂದೆ ಅಪ್ಪನ ಹೆಸರಿನ ಒಂದಕ್ಷರ ಹಾಕುವುದು ರೂಢಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಆ ಅಕ್ಷರ ಮುಂದೆ, ಆಧಾರಿನಲ್ಲಿ ಹಿಂದೆ, ಬ್ಯಾಂಕಿನಲ್ಲಿ ಅಪ್ಪನ ಪೂರಾ ಹೆಸರು. ಯಂತ್ರಕ್ಕೆ ಇವು ಮೂರೂ ಬೇರೆ ಬೇರೆ ಮಕ್ಕಳು! ಈ ಒಂದಕ್ಷರಕ್ಕಾಗಿ ನಮ್ಮ ಹುಡುಗಿ ಮೂರು ಸಲ ಕೆಜಿಎಫ್‌ಗೆ ಓಡಾಡಿದಳು. ಮಗು ಒಂಬತ್ತನೆಯ ತರಗತಿಯಲ್ಲಿರುವಾಗಲೇ ಇದನ್ನು ಸರಿಪಡಿಸಿಕೊಂಡರೆ ಒಳ್ಳೆಯದು, ಅಂಕಪಟ್ಟಿ ಅಚ್ಚಾದ ಮೇಲೆ ಬಹಳ ಕಷ್ಟ.

ಓಡಾಟದ ಖರ್ಚನ್ನು ಯಾರೂ ಫೀಸಿನ ಲೆಕ್ಕಕ್ಕೆ ಸೇರಿಸುವುದಿಲ್ಲ, ಆದರೆ ತಿಂಗಳ ಕೊನೆಗೆ ಕಚ್ಚುವುದು ಅದೇ. ರೈಲ್ವೆಯವರು ಪದವಿಯವರೆಗೆ ಓದುವ ಹೆಣ್ಣುಮಕ್ಕಳಿಗೆ ಮನೆಯಿಂದ ಕಾಲೇಜಿಗೆ ಎರಡನೆಯ ದರ್ಜೆಯ ಮಾಸಿಕ ಸೀಸನ್ ಟಿಕೆಟನ್ನು ಉಚಿತವಾಗಿ ಕೊಡುತ್ತಾರೆ. ಗಂಡುಮಕ್ಕಳಿಗೆ ಹನ್ನೆರಡನೆಯ ತರಗತಿಯವರೆಗೆ ಮಾತ್ರ. ಕಾಲೇಜಿನಿಂದ ಪತ್ರ ಬೇಕು. ಮೊದಲ ನಾಲ್ಕು ತಿಂಗಳು ಗೊತ್ತಿಲ್ಲದೆ ಇವರು ದುಡ್ಡು ಕೊಟ್ಟೇ ಹೋದರು. ಕೋಲಾರದ ಕಡೆ ಬಸ್ಸಿನಲ್ಲಿ ಹೋಗುವ ಹುಡುಗಿಯರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿರುವುದು ನಿಮಗೆಲ್ಲ ಗೊತ್ತೇ ಇದೆ.

ಬೇರೆ ವರ್ಗದ ಓದುಗರು ‘ನಮಗೇನಿದೆ?’ ಎಂದು ಕೇಳುತ್ತೀರಿ. ಹಿಂದುಳಿದ ವರ್ಗದ ಮಕ್ಕಳು ಸರ್ಕಾರಿ ಹಾಸ್ಟೆಲಿನಲ್ಲಿ ಇಲ್ಲದಿದ್ದರೆ ಊಟ ವಸತಿಗೆಂದು ವಿದ್ಯಾಸಿರಿ, ತಿಂಗಳಿಗೆ 1,500ರಂತೆ ಹತ್ತು ತಿಂಗಳು. ರೈತರ ಮಕ್ಕಳಿಗೆಂದು 2021ರಲ್ಲಿ ಶುರುವಾದ ವಿದ್ಯಾನಿಧಿಯಲ್ಲಿ ಬಿ.ಎ., ಬಿ.ಎಸ್ಸಿ., ಬಿ.ಕಾಂ.ಗೆ ಹುಡುಗರಿಗೆ 5,000, ಹುಡುಗಿಯರಿಗೆ 5,500 ಎಂದು ಗೊತ್ತುಮಾಡಿದ್ದರು. ಸಿಇಟಿಯಲ್ಲಿ ಎಂಜಿನಿಯರಿಂಗ್ ತೆಗೆದುಕೊಳ್ಳುವವರಿಗೆ, ಆದಾಯ ಎಂಟು ಲಕ್ಷದೊಳಗಿದ್ದರೆ, ಬೋಧನಾ ಶುಲ್ಕವಿಲ್ಲದ ಸೀಟುಗಳು ಪ್ರತಿ ಕಾಲೇಜಿನಲ್ಲಿ ನೂರಕ್ಕೆ ಐದರಂತೆ ಇರುತ್ತವೆ. ಆಯ್ಕೆಯ ಪಟ್ಟಿ ತುಂಬುವಾಗ ‘ಎಸ್‌ಎನ್‌ಕ್ಯೂ’ ಎಂಬ ಮೂರಕ್ಷರವನ್ನು ಮರೆಯಬೇಡಿ. ತಾಂತ್ರಿಕ ಪದವಿ, ಡಿಪ್ಲೊಮಾ ಸೇರುವ ಹುಡುಗಿಯರಿಗೆ ‘ಪ್ರಗತಿ’ ವೇತನ ವರ್ಷಕ್ಕೆ 50,000, ಒಂದು ಮನೆಯಿಂದ ಇಬ್ಬರವರೆಗೆ. ಕಾಲೇಜು ಶಿಕ್ಷಣ ಇಲಾಖೆ ಹುಡುಗಿಯರಿಗೆಂದು ಸಂಚಿ ಹೊನ್ನಮ್ಮನ ಹೆಸರಿನಲ್ಲಿ ಕೊಡುತ್ತ ಬಂದ ವೇತನ ಚಿಕ್ಕದು. ಆದರೆ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹೊತ್ತುಕೊಂಡೇ ಕವಿಯಾದ ಹೆಣ್ಣಿನ ಹೆಸರು ಅದಕ್ಕಿಟ್ಟವರ ಬುದ್ಧಿ ನನಗೆ ಮೆಚ್ಚುಗೆ.

ಇವುಗಳಲ್ಲಿ ಯಾವುದರ ಜೊತೆ ಯಾವುದು ಹೊಂದುತ್ತದೆ ಎಂಬುದನ್ನು ಆಯಾ ವರ್ಷದ ಸುತ್ತೋಲೆ ನೋಡಿಯೇ ತಿಳಿಯಬೇಕು. ಪಕ್ಕದ ಮನೆಯವರ ಅನುಭವ ಸಾಲದು, ನನ್ನ ಈ ಲೇಖನವೂ ಸಾಲದು.

ಎರಡನೆಯ ವರ್ಷ ಆ ಬಹುಮಾನ ಇರಲಿಲ್ಲ. ಹನ್ನೆರಡು ಸಾವಿರದ ಹಳ್ಳ ಮತ್ತೆ ಬಾಯಿ ತೆರೆಯಿತು. ಕಾಲೇಜಿನ ಹಳೆಯ ವಿದ್ಯಾರ್ಥಿಗಳ ನಿಧಿಯಿಂದ ಪುಸ್ತಕಕ್ಕೂ ಪ್ರಯೋಗಾಲಯದ ಸಾಮಾನಿಗೂ ನಾಲ್ಕು ಸಾವಿರ ಸಿಕ್ಕಿತು. ಈ ಸಲ ‘ಸಹಾಯಧನ’ ಎಂದೇ ಬರೆಸಿಕೊಂಡರು. ಉಳಿದ ಎಂಟು ಸಾವಿರವನ್ನು ತಿಂಗಳಿಗೆ ಎಂಟುನೂರರಂತೆ ಹತ್ತು ಕಂತು ಮಾಡಿಸಿಕೊಂಡು ಹೊಲಿಗೆಯ ದುಡ್ಡಿನಲ್ಲಿ ಕಟ್ಟಿದರು. ನನ್ನ ಎರಡು ರವಿಕೆಗಳೂ ಅದರಲ್ಲಿ ಸೇರಿವೆ. ಮೂರನೆಯ ವರ್ಷವೂ ಇದೇ ಏರ್ಪಾಡು.

ಮಗಳೀಗ ಕೊನೆಯ ವರ್ಷದಲ್ಲಿದ್ದಾಳೆ. ಪದವಿಯನ್ನೂ ಮೊದಲ ಸಲಕ್ಕೇ ಪ್ರಥಮ ದರ್ಜೆಯಲ್ಲಿ ಮುಗಿಸಿದರೆ 25,000 ಪ್ರೋತ್ಸಾಹಧನ ಇದೆ. ಚಿಕ್ಕವಳು ಸರ್ಕಾರಿ ಪ್ರೌಢಶಾಲೆಯಲ್ಲೇ ಓದಿ, ಈಗ ಸರ್ಕಾರಿ ಪಿಯು ಕಾಲೇಜಿನ ಎರಡನೆಯ ವರ್ಷದಲ್ಲಿದ್ದಾಳೆ. ಹತ್ತನ್ನೂ ಪಿಯುಸಿಯನ್ನೂ ಸರ್ಕಾರಿ ಶಾಲೆ ಕಾಲೇಜುಗಳಲ್ಲೇ ಮುಗಿಸಿ ಪದವಿಗೋ ಡಿಪ್ಲೊಮಾಗೋ ಸೇರುವ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವೂ ರಾಜ್ಯ ಸರ್ಕಾರವೂ ಸೇರಿ 2025ರಲ್ಲಿ ‘ದೀಪಿಕಾ’ ಎಂಬ ವೇತನ ಪ್ರಾರಂಭಿಸಿವೆ; ವರ್ಷಕ್ಕೆ 30,000 ರೂಪಾಯಿ. ಅಕ್ಕನಿಗೆ ತಪ್ಪಿಹೋದದ್ದು ತಂಗಿಗೆ ಸಿಗಬಹುದು. ಕಳೆದ ವಾರ ಅಳತೆ ಕೊಡಲು ಹೋದಾಗ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತುಗಳಿದ್ದವು: ಆದಾಯ ಪತ್ರದ ಅವಧಿ ಮುಗಿಯುವ ದಿನ, ಚಿಕ್ಕವಳ ಆಧಾರ್ ತಿದ್ದುಪಡಿಯ ದಿನ, ಬ್ಯಾಂಕಿಗೆ ಹೋಗಬೇಕಾದ ದಿನ.

ಓಲೆ ಕಿವಿಯಲ್ಲೇ ಇದೆ. ಸರ ಇನ್ನೂ ಬಂದಿಲ್ಲ. “ಅದು ಇಪ್ಪತ್ತೈದು ಸಾವಿರ ಬಂದ ಮೇಲೆ ಅಕ್ಕಾ” ಎಂದು ಬಾಯಲ್ಲಿದ್ದ ಗುಂಡುಪಿನ್ನು ತೆಗೆದು ಹೇಳಿ, ಮತ್ತೆ ಯಂತ್ರ ತುಳಿಯಲು ಕೂತರು.